ಗುಂಡುಕಲ್ಲಿನ ಪಕ್ಕದ ಮಗು

ಶನಿವಾರ ಬೆಳಿಗ್ಗೆ ದುರ್ಗಿಗುಡಿಯ ಆ ಮನೆಯ ಗೇಟಿನ ಮುಂದೆ ಒಬ್ಬ ಹೆಂಗಸು ಬಂದು ನಿಂತರು. ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು, ಮೂರು ಕಡೆ ದಾರಿ ಕೇಳಿ, ಕೊನೆಗೆ ಔಷಧಿ ಅಂಗಡಿಯವನು ಕೈ ತೋರಿಸಿದ್ದರಿಂದ ಮನೆ ಸಿಕ್ಕಿತ್ತು. ವಯಸ್ಸು ಐವತ್ತೈದರ ಆಸುಪಾಸು. ಬಾಗಿಲು ತೆರೆದ ಜಯಾ ಅವರನ್ನು ನೋಡಿ, "ಸಮಾಧಿ ಪಟ್ಟಿ ಬರ್ದ ಮೇಷ್ಟ್ರ ಮನೆ ಇದೇನಾ ತಾಯಿ?" ಎಂದು ಕೇಳಿದರು.

ಜಯಾ ಒಳಗೆ ತಿರುಗಿ ಗಂಡನನ್ನು ಕರೆದರು.

ಗಂಡ ತ್ರಿವಿಕ್ರಮ ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಹಳಗನ್ನಡ ಶಾಸನಗಳನ್ನು ದಿನಪತ್ರಿಕೆಯಷ್ಟು ಸಲೀಸಾಗಿ ಓದುತ್ತಿದ್ದರು. ಭದ್ರಾವತಿಯ ಹೊರಗೆ ಬೈಪಾಸ್ ರಸ್ತೆ ಮಾಡುವ ಕಂಪನಿ ಹಿಂದಿನ ವರ್ಷ, 2002ರಲ್ಲಿ, ಅವರನ್ನು ಸಲಹೆಗಾರರಾಗಿ ಕರೆದಿತ್ತು. ರಸ್ತೆ ಹಾದುಹೋಗುವ ಜಾಗದಲ್ಲಿರುವ ಶಾಸನ, ವೀರಗಲ್ಲು, ಹಾಳು ಗುಡಿ, ಸಮಾಧಿ ಎಲ್ಲವನ್ನೂ ಪಟ್ಟಿ ಮಾಡಿ, ಇಲಾಖೆಯ ಒಪ್ಪಿಗೆ ಪಡೆದು ಬೇರೆ ಕಡೆಗೆ ಸಾಗಿಸುವುದು ಅವರ ಕೆಲಸ. ಐದು ವೀರಗಲ್ಲುಗಳನ್ನು ಒಂದು ಚಕ್ಕೆಯೂ ಏಳದ ಹಾಗೆ ಮ್ಯೂಸಿಯಮ್ಮಿಗೆ ತಲುಪಿಸಿದ್ದರು. ಆ ಕೆಲಸ ಅವರಿಗೆ ಹಬ್ಬದಂತಿತ್ತು. ಸಮಾಧಿಗಳ ಕೆಲಸ ಹಾಗಲ್ಲ. ಅವರ ಮನೆತನದಲ್ಲಿ ಸತ್ತವರನ್ನು ಸುಡುವುದೇ ರೂಢಿ, ಹೂಳುವ ಜಾಗದಲ್ಲಿ ಅವರು ಅದುವರೆಗೆ ಕಾಲಿಟ್ಟಿರಲೇ ಇಲ್ಲ. ನೋಟಿಸ್ ಅಂಟಿಸಿ, ಡಂಗೂರ ಹೊಡೆಸಿ, ಬಂದು ಹೇಳಿದವರ ಹೆಸರು ಬರೆದುಕೊಂಡರು. ಮೂವತ್ತೇಳು ಸಮಾಧಿಗಳಾದವು. ಅಷ್ಟನ್ನೂ ಮನೆಯವರ ಮುಂದೆಯೇ ತೆಗೆಸಿ, ಶಾಸ್ತ್ರದ ಪ್ರಕಾರ ಹೊಸ ಜಾಗಕ್ಕೆ ಸೇರಿಸಿ, 'ಇನ್ನು ಯಾವುದೂ ಉಳಿದಿಲ್ಲ' ಎಂದು ಸಹಿ ಹಾಕಿ ವರದಿ ಕೊಟ್ಟು ಹತ್ತು ದಿನವಾಗಿತ್ತು.

ಬಂದ ಹೆಂಗಸು ಜಗುಲಿಯ ಅಂಚಿನಲ್ಲಿ ಕುಳಿತು, ಕೊಟ್ಟ ನೀರು ಪೂರ್ತಿ ಕುಡಿದ ಮೇಲೆ ಮಾತು ಶುರು ಮಾಡಿದರು. ಹೆಸರು ಬಂಗಾರಮ್ಮ. ಗಂಡ ಕಬ್ಬಿಣದ ಕಾರ್ಖಾನೆಯ ಕುಲುಮೆಯಲ್ಲಿ ಕೆಲಸಕ್ಕಿದ್ದವರು, ತೀರಿಕೊಂಡು ಆರು ವರ್ಷ.

"ನಮ್ಮೋರ್ದು ನಿಮ್ ಪಟ್ಟೀಲಿ ಐತೆ ಮೇಷ್ಟ್ರೇ. ನನ್ ಮಗ ಯೋಗರಾಜ ಮುಂದೆ ನಿಂತು ಸಾಗಿಸಿದಾನೆ. ನಾನು ಮಗಳ ಬಾಣಂತನಕ್ಕೆ ಅಂತ ಮೂರು ತಿಂಗಳು ಚಿಕ್ಕಮಗಳೂರಲ್ಲಿದ್ದೆ. ನಿನ್ನೆ ಬಂದು ನೋಡ್ತೀನಿ, ಅಲ್ಲಿ ಜೆಸಿಬಿ ನಿಂತೈತೆ. ನನ್ ಮೊದಲ್ನೇ ಕೂಸು ಅಲ್ಲೇ ಐತಲ್ಲ, ಅದನ್ನ ಯಾರೂ ತೆಗೆದಿಲ್ಲ."

"ನಿಮ್ಮ ಮಗ ಹೇಳಲಿಲ್ವಲ್ಲಮ್ಮ?"

"ಅವನಿಗೆ ಗೊತ್ತಿದ್ರೆ ತಾನೆ? ಅವನು ಹುಟ್ಟೋಕೆ ಮುಂಚಿನ ಮಾತು. ಎಪ್ಪತ್ತೊಂದನೇ ಇಸವಿ. ಗಂಡು ಕೂಸು, ಐದು ತಿಂಗಳು. ಜ್ವರ ಬಂದು ಎರಡೇ ದಿನಕ್ಕೆ ಹೋಯ್ತು. ಆಮೇಲೆ ಆ ಮಾತು ಮನೇಲಿ ಯಾರೂ ಎತ್ಲಿಲ್ಲ."

ಮಗುವನ್ನು ಮಣ್ಣು ಮಾಡುವಾಗ ಬಂಗಾರಮ್ಮ ಹೋಗಿರಲಿಲ್ಲ. ಹೆಂಗಸರು ಬರಬಾರದು ಎಂದು ಹಿರಿಯರು ತಡೆದಿದ್ದರು. ಹೊನ್ನೆ ಮರದ ಹತ್ತಿರ ನಾಲ್ಕು ಗುಂಡುಕಲ್ಲಿವೆ, ಅಲ್ಲಿ ಎಂದು ಗಂಡ ಬಂದು ಹೇಳಿದ್ದರು. ಅಂದಿನಿಂದ ವರ್ಷಕ್ಕೊಂದು ಸಲ, ಯಾರೂ ಇಲ್ಲದ ಹೊತ್ತು ನೋಡಿ, ಆ ಕಲ್ಲುಗಳ ನಡುವೆ ಹೂವಿಟ್ಟು ಬರುತ್ತಿದ್ದರು.

ತ್ರಿವಿಕ್ರಮ ಒಳಗೆ ಹೋಗಿ ತಮ್ಮ ಟಿಪ್ಪಣಿ ಪುಸ್ತಕ ತಂದು ಹಾಳೆ ತಿರುವಿದರು. ಆ ಜಾಗ ಸಿಕ್ಕಿತು. 'ಹೊನ್ನೆ ಮರ, ಲಂಟಾನದ ಪೊದೆ, ಸಹಜ ಬಂಡೆಗಳು' ಎಂದು ಅವರದೇ ಅಕ್ಷರದಲ್ಲಿತ್ತು.

"ನಾನು ಇಲ್ಲಿ ಬರೀ ಬಂಡೆ ಅಂತ ಬರ್ದಿದ್ದೀನಿ, ಬಂಗಾರಮ್ಮ."

"ಬರ್ದಿದ್ದು ಬರ್ದಾಯ್ತು. ಬಂದು ನೋಡಿ."

ಜಯಾ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. "ಉಪ್ಪಿಟ್ಟು ಆಗಿದೆ. ಇಬ್ರೂ ತಿಂದ್ಕೊಂಡು ಹೊರಡಿ" ಎಂದಷ್ಟೇ ಹೇಳಿ ತಟ್ಟೆ ತರಲು ಹೋದರು.

ಹನ್ನೆರಡರ ಹೊತ್ತಿಗೆ ಇಬ್ಬರೂ ರಸ್ತೆ ಕೆಲಸದ ಜಾಗದಲ್ಲಿದ್ದರು. ಅಲ್ಲಿಯ ಎಂಜಿನಿಯರ್ ಧರ್ಮೇಂದ್ರ ಇಪ್ಪತ್ತೆಂಟರ ಹುಡುಗ. ಒಳ್ಳೆಯವನೇ, ಆದರೆ ದಿನಕ್ಕೆ ಹತ್ತು ಸಲ ಮೇಲಿನವರಿಂದ ಬೈಸಿಕೊಳ್ಳುವವನು. ವಿಷಯ ಕೇಳಿ ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡ.

"ಸೋಮವಾರ ಜೆಸಿಬಿ ಇಳಿಸ್ಬೇಕು ಸಾರ್. ನೀವೇ ಕ್ಲಿಯರ್ ಅಂತ ಸೈನ್ ಮಾಡಿದ್ದೀರಲ್ಲ."

"ಮಾಡಿದ್ದೀನಿ. ತಪ್ಪಾಗಿರಬಹುದು. ಮೊದಲು ಆ ಪೊದೆ ಕಡಿಸಪ್ಪ."

ಇಬ್ಬರು ಕೂಲಿಯವರು ಲಂಟಾನ ಕಡಿದು ಎಳೆದು ಹಾಕಿದರು. ಬಂಗಾರಮ್ಮ ಹೇಳಿದ ನಾಲ್ಕು ಕಲ್ಲು ಪೂರ್ತಿಯಾಗಿ ಕಂಡವು. ಇನ್ನಷ್ಟು ಕಡಿದಾಗ ಐದನೆಯದು, ಆರನೆಯದು, ಮಣ್ಣಿನಲ್ಲಿ ಅರ್ಧ ಹೂತ ಏಳನೆಯದು. ಏಳೂ ಸೇರಿ ಒಂದು ವೃತ್ತ. ತ್ರಿವಿಕ್ರಮ ಅದರ ಸುತ್ತ ಎರಡು ಸಲ ನಡೆದರು. ಹೀಗೆ ವೃತ್ತವಾಗಿ ಕಲ್ಲು ನೆಟ್ಟು ನಡುವೆ ಸತ್ತವರನ್ನಿಡುತ್ತಿದ್ದ ಕಾಲದ ಬಗ್ಗೆ ಮೂವತ್ತು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದರು. ಅದೇ ಕಣ್ಣೆದುರಿಗೆ ಇದ್ದಾಗ ಬಂಡೆ ಎಂದು ಬರೆದು ನಡೆದಿದ್ದರು. ಅವತ್ತು ಕೊನೆಯ ದಿನ. ಬಿಸಿಲಿತ್ತು, ಮೂರೂವರೆಯ ಬಸ್ಸು ತಪ್ಪುತ್ತದೆಂಬ ಅವಸರವಿತ್ತು. ಪೊದೆ ಕಡಿಸಿರಲಿಲ್ಲ. ಇಷ್ಟೇ ಕಾರಣ.

ಅಪ್ಪನ ಕಾಲದಿಂದ ಅಲ್ಲಿ ಗುಂಡಿ ತೋಡುತ್ತಿದ್ದ, ಪಟ್ಟಿಯ ಸಮಾಧಿಗಳನ್ನೂ ಅಗೆದುಕೊಟ್ಟಿದ್ದ ಪುಟ್ಟಯ್ಯನವರಿಗೆ ಹೇಳಿಕಳುಹಿಸಿದರು. ಎಪ್ಪತ್ತು ದಾಟಿದ ಪುಟ್ಟಯ್ಯ ಗುದ್ದಲಿ ಹೆಗಲಿಗೇರಿಸಿ ಬಂದರು. ಬಂಗಾರಮ್ಮ ತೋರಿಸಿದ ಕಡೆ, ವೃತ್ತದ ನಟ್ಟನಡುವೆ, ನಿಧಾನವಾಗಿ ಮಣ್ಣು ತೆಗೆಯತೊಡಗಿದರು. ಎರಡಡಿ ಆಗುವಷ್ಟರಲ್ಲಿ ಗುದ್ದಲಿಯ ಸದ್ದು ಬದಲಾಯಿತು. ತ್ರಿವಿಕ್ರಮ ಅವರನ್ನು ತಡೆದು ತಾವೇ ಮಂಡಿಯೂರಿ ಕರಣೆಯಿಂದ ಕೆರೆದರು. ಒಂದು ಮಡಕೆಯ ಬಾಯಿ ಕಂಡಿತು. ಮೇಲುಭಾಗ ಕಪ್ಪು, ಕೆಳಭಾಗ ಕೆಂಪು, ಬಾಯಿಗೆ ಬೋಗುಣಿ ಮುಚ್ಚಿತ್ತು. ಒಂದು ಕಡೆ ಸೀಳಿದ್ದರಿಂದ ಒಳಗಿನ ಮಣ್ಣೂ ಬೆರಳಿನುಗುರಿನಷ್ಟು ಸಣ್ಣ ಮೂಳೆ ಚೂರುಗಳೂ ಕಾಣುತ್ತಿದ್ದವು.

ಬಂಗಾರಮ್ಮ ಬಗ್ಗಿ ನೋಡಿದರು. "ಇದು ನಮ್ದಲ್ಲ. ನಾವು ಮಡಕೆ ಗಿಡಕೆ ಇಟ್ಟಿಲ್ಲ."

ಪುಟ್ಟಯ್ಯ ಗುದ್ದಲಿ ಪಕ್ಕಕ್ಕಿಟ್ಟು, "ಕಲ್ಲಿನೊಳ್ಗೆ ನಮ್ಮಪ್ಪ ಯಾರ್ನೂ ಹೂಳ್ತಿರ್ಲಿಲ್ಲ ಸಾಮಿ" ಎಂದರು. "ಅದು ಹಳೇ ಕಾಲದೋರ ಜಾಗ, ಮುಟ್ಬಾರ್ದು ಅನ್ನೋನು. ಸಮಾಧಿಕಲ್ಲು ನೆಡದ ಕೂಸುಗಳ್ನೆಲ್ಲ ಅದ್ರ ಹೊರಗಡೆ ಸುತ್ತ ಹೂಳ್ತಿದ್ದ."

"ಇದನ್ನ ಮೊದಲೇ ನನಗೆ ಹೇಳಬಾರದಿತ್ತಾ ಪುಟ್ಟಯ್ಯ? ಎರಡು ತಿಂಗಳು ಇಲ್ಲೇ ಓಡಾಡಿಕೊಂಡಿದ್ದೆನಲ್ಲ."

"ನೀವು ಕೇಳ್ಲಿಲ್ವಲ್ಲ ಸಾಮಿ. ಅಗಿ ಅಂದ್ರಿ, ಅಗ್ದೆ."

ಪುಟ್ಟಯ್ಯನವರ ದನಿಯಲ್ಲಿ ದೂರು ಇರಲಿಲ್ಲ. ಆದರೂ ತ್ರಿವಿಕ್ರಮ ತಲೆ ತಗ್ಗಿಸಿ ಕರಣೆಯ ಮಣ್ಣು ಒರೆಸಿದರು.

"ಹಂಗಾದ್ರೆ ಇಷ್ಟು ವರ್ಷ ನಾನು ಯಾರಿಗೆ ಹೂವಿಟ್ಟೆ?" ಎಂದರು ಬಂಗಾರಮ್ಮ.

ಏನಾದರೊಂದು ಸಮಾಧಾನದ ಮಾತು ಹೇಳಿಬಿಡೋಣವೆನ್ನಿಸಿತು ತ್ರಿವಿಕ್ರಮರಿಗೆ. ಹೇಳಲಿಲ್ಲ. "ಎರಡು ಸಾವಿರ ವರ್ಷದ ಹಿಂದಿನೋರು ಇರಬಹುದಮ್ಮ. ನಮಗೆ ಅವರ ಹೆಸರೂ ಗೊತ್ತಿಲ್ಲ, ಮಾತೂ ಗೊತ್ತಿಲ್ಲ."

"ಅದೂ ಕೂಸೇನಾ?"

"ಹೇಳಕ್ಕಾಗಲ್ಲ. ಮೂಳೆ ಪರೀಕ್ಷೆ ಮಾಡೋ ತಿಳಿದೋರು ನೋಡಬೇಕು. ಇಷ್ಟು ಸಣ್ಣ ಮಡಕೆ ಅಂದ್ರೆ ಇರಲೂಬಹುದು."

ಬಂಗಾರಮ್ಮ ಮಡಕೆಯನ್ನೇ ನೋಡುತ್ತ ಕುಳಿತರು. ಆಮೇಲೆ, "ಬಿಸಿಲು ಬೀಳ್ತೈತೆ, ಏನಾದ್ರೂ ಮುಚ್ಚಿ" ಎಂದರು.

ಧರ್ಮೇಂದ್ರ ತ್ರಿವಿಕ್ರಮರನ್ನು ಪಕ್ಕಕ್ಕೆ ಕರೆದ. "ಸಾರ್, ಒಂದು ಮಾತು. ಇದನ್ನ ರಿಪೋರ್ಟ್ ಮಾಡಿದ್ರೆ ಕೆಲಸ ಎಷ್ಟು ತಿಂಗಳು ನಿಲ್ಲುತ್ತೋ ದೇವರಿಗೇ ಗೊತ್ತು. ನಿಮ್ಮ ವರದಿ ತಪ್ಪು ಅಂತನೂ ಆಗುತ್ತೆ. ಮಡಕೇನ ಹುಷಾರಾಗಿ ಎತ್ತಿ ಜೀಪಲ್ಲಿಟ್ಟುಕೊಂಡು ಹೋಗಿ ಮ್ಯೂಸಿಯಮ್ಮಿಗೆ ಕೊಡಿ. ಹೊಲದಲ್ಲೆಲ್ಲೋ ಸಿಕ್ತು ಅಂದ್ರಾಯ್ತು. ಮಡಕೆಗೂ ಏನೂ ಆಗಲ್ಲ."

ಕೆಲಸ ನಿಲ್ಲುತ್ತದೆ, ವರದಿ ತಪ್ಪೆಂದಾಗುತ್ತದೆ ಎಂದು ಅವನು ಹೇಳಿದ್ದು ನಿಜವೇ. ಮೂವತ್ತು ವರ್ಷ ಪಾಠ ಮಾಡಿ ಗಳಿಸಿದ ಹೆಸರಿಗೆ ಊರೆಲ್ಲ ನಗುವುದು ತ್ರಿವಿಕ್ರಮರಿಗೂ ಬೇಡವಾಗಿತ್ತು.

"ಇಲ್ಲಿಂದ ಎತ್ತಿಬಿಟ್ರೆ ಇದು ಬರೀ ಮಡಕೆ ಆಗುತ್ತೆ ಕಣಪ್ಪ" ಎಂದರು. "ಎಲ್ಲಿತ್ತು, ಹೇಗಿತ್ತು ಅನ್ನೋದು ಹೋದ್ರೆ ಇದರ ಬಗ್ಗೆ ಯಾರೂ ಏನೂ ಹೇಳಕ್ಕಾಗಲ್ಲ. ಆ ಹೆಂಗಸು ಅಷ್ಟು ದೂರದಿಂದ ಬಂದದ್ದು ಯಾಕೆ? ಅವರಿಗೂ ಎಲ್ಲಿ ಅನ್ನೋದೇ ಬೇಕಾಗಿರೋದು. ಪತ್ರ ಬರೀತೀನಿ."

"ಪತ್ರ ಹೋದ ಮೇಲೆ ಇಲ್ಲಿ ಒಂದು ಕಲ್ಲೂ ಮುಟ್ಟೋ ಹಾಗಿಲ್ಲ. ಆ ಅಮ್ಮನ ಕೆಲಸವೂ ನಿಂತುಹೋಗುತ್ತೆ."

"ಸಮಾಧಿ ಸಾಗಿಸೋಕೆ ತಹಸೀಲ್ದಾರರ ಅನುಮತಿ ನಾಳೆ ಸಂಜೆವರೆಗೆ ಇದೆ ತಾನೆ? ನಾಳೆ ಕಲ್ಲಿನ ಹೊರಗಡೆ ಹುಡುಕ್ತೀನಿ. ನಾಡಿದ್ದು ಪತ್ರ ಕೊಡ್ತೀನಿ. ನೀನು ಜೆಸಿಬಿ ಇಳಿಸಬೇಡ, ಅಷ್ಟು ಸಾಕು."

ಧರ್ಮೇಂದ್ರ ನಿಟ್ಟುಸಿರು ಬಿಟ್ಟು ಹೆಲ್ಮೆಟ್ ಹಾಕಿಕೊಂಡ. ಮಡಕೆ ಮುಚ್ಚಲು ಪ್ಲಾಸ್ಟಿಕ್ ಹಾಳೆ ತಂದವನು ಅವನೇ.

ಭಾನುವಾರ ಏಳಕ್ಕೆಲ್ಲ ಕೆಲಸ ಶುರುವಾಯಿತು. ಅಗೆಯುವ ಕೆಲಸವಲ್ಲ, ಕೆರೆಯುವ ಕೆಲಸ. ಒಮ್ಮೆ ತೋಡಿ ಮುಚ್ಚಿದ ಮಣ್ಣು ಎಷ್ಟು ವರ್ಷವಾದರೂ ಪಕ್ಕದ ಮಣ್ಣಿನ ಬಣ್ಣಕ್ಕೆ ಪೂರ್ತಿ ಹೊಂದುವುದಿಲ್ಲ. ಮೇಲಿನ ಕಪ್ಪು, ಕೆಳಗಿನ ಕೆಂಪು ಕಲಸಿಹೋಗಿರುತ್ತವೆ. ತ್ರಿವಿಕ್ರಮ ಕಲ್ಲಿನ ಹೊರಸುತ್ತನ್ನು ಕರಣೆಯಿಂದ ತೆಳ್ಳಗೆ ಕೆರೆದು, ನೀರು ಚಿಮುಕಿಸಿ, ಬಣ್ಣ ನೋಡುತ್ತ ಮೊಣಕಾಲಿನ ಮೇಲೆ ಮುಂದುವರಿದರು. ಪುಟ್ಟಯ್ಯ ಇನ್ನೊಂದು ಕಡೆಯಿಂದ ಕೆರೆಯುತ್ತ ಬಂದರು. ಹನ್ನೊಂದೂವರೆಗೆ ಪೂರ್ವದ ಕಲ್ಲಿನಿಂದ ಒಂದು ಮೊಳ ಆಚೆ ಪುಟ್ಟಯ್ಯ ಕೈ ನಿಲ್ಲಿಸಿ, "ಇಲ್ಲಿ ನೋಡಿ ಸಾಮಿ" ಎಂದರು. ಕೆಂಪು ನೆಲದಲ್ಲಿ ಒಂದು ಕಂದು ಗುರುತು, ಎರಡಡಿಗಿಂತ ಸ್ವಲ್ಪ ಹೆಚ್ಚು ಉದ್ದ.

"ಅಷ್ಟೇ ಇದ್ದ" ಎಂದರು ಬಂಗಾರಮ್ಮ.

ಒಳಗೆ ಮೂಳೆ ಸಿಗಲಿಲ್ಲ. ಮಡಕೆಯ ಆಸರೆಯಿಲ್ಲದ ಎಳೆಯ ಮಗುವಿನ ಮೂಳೆಯನ್ನು ಈ ಮಣ್ಣು ಮೂವತ್ತು ವರ್ಷ ಉಳಿಸುವುದಿಲ್ಲವೆಂದು ತ್ರಿವಿಕ್ರಮ ಮೊದಲೇ ಹೇಳಿದ್ದರು. ಆದರೆ ಮೂರಡಿ ಆಳದಲ್ಲಿ ಕರಣೆಯ ತುದಿಗೆ ಸಣ್ಣದೊಂದು ಕರಿಬಳೆ ತಗುಲಿತು. ಗಾಜಿನದು, ಒಂದು ಕಡೆ ಮುರಿದಿತ್ತು. ಅದರ ಪಕ್ಕ ಇನ್ನೊಂದು. ಆಚೆ ಇನ್ನೊಂದು.

"ದೃಷ್ಟಿಯಾಗ್ಬಾರ್ದು ಅಂತ ಎರಡೂ ಕೈಗೆ ಎರಡೆರಡು ಹಾಕಿದ್ದೆ" ಎಂದರು ಬಂಗಾರಮ್ಮ. ಪುಟ್ಟಯ್ಯ ಮಣ್ಣನ್ನೆಲ್ಲ ಬೆರಳಲ್ಲಿ ಜಾಲಾಡಿದರು. ನಾಲ್ಕನೆಯದು ಸಿಗಲಿಲ್ಲ.

ತ್ರಿವಿಕ್ರಮ ಮೂರು ಬಳೆಗಳನ್ನೂ ಅವರ ಅಂಗೈಯಲ್ಲಿಟ್ಟರು. "ಕರಿಬಳೆ ಎಲ್ಲ ಕೂಸುಗಳಿಗೂ ಹಾಕ್ತಾರೆ ಬಂಗಾರಮ್ಮ. ಇದು ನಿಮ್ಮದೇ ಅಂತ ನಾನು ಖಚಿತವಾಗಿ ಬರೆಯೋ ಹಾಗಿಲ್ಲ. ಇರಬಹುದು ಅಂತ ಬರೀತೀನಿ."

"ನೀವು ಬರ್ಕೊಳ್ಳೋದು ಬರ್ಕೊಳ್ಳಿ ಮೇಷ್ಟ್ರೇ. ನನಗೆ ಗೊತ್ತಾಯ್ತು."

ಅವರು ಅತ್ತದ್ದು ಸ್ವಲ್ಪ ಹೊತ್ತು ಮಾತ್ರ, ಅದೂ ಸದ್ದಿಲ್ಲದೆ. ಆಮೇಲೆ ಹೊಸ ಬಿಳಿ ಬಟ್ಟೆಯಲ್ಲಿ ಆ ಕಂದು ಮಣ್ಣನ್ನೂ ಬಳೆಗಳನ್ನೂ ಕಟ್ಟಿಕೊಂಡರು. ಮಧ್ಯಾಹ್ನ ಕೆಲಸದ ಪಾಳಿ ಮುಗಿಸಿ ಬಂದ ಯೋಗರಾಜನಿಗೆ ತನಗೊಬ್ಬ ಅಣ್ಣನಿದ್ದ ಸಂಗತಿ ತಿಳಿದದ್ದು ಅಲ್ಲಿಯೇ, ಹೊನ್ನೆ ಮರದ ಕೆಳಗೆ. ಅವನು ಹೊಸ ಜಾಗದಲ್ಲಿ ಅಪ್ಪನ ಸಮಾಧಿಯ ಪಕ್ಕ ತಾನೇ ಗುಂಡಿ ತೋಡಿ, ಗಂಟಿಗಾಗಿ ಕೈ ಚಾಚಿದ. ಬಂಗಾರಮ್ಮ ಕೊಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ತಾವೇ ಗುಂಡಿಯ ಅಂಚಿಗೆ ಕುಳಿತು, ಬಗ್ಗಿ, ಒಳಗೆ ಇಟ್ಟರು. ಯಾರೂ ತಡೆಯಲಿಲ್ಲ.

ಸೋಮವಾರ ತ್ರಿವಿಕ್ರಮ ಪತ್ರ ಕೊಟ್ಟರು. ಕಲ್ಲಿನ ವೃತ್ತವನ್ನು ಬಂಡೆಯೆಂದು ಬರೆದದ್ದು, ಪೊದೆ ಕಡಿಸದೆ ಹೋದದ್ದು, ಗುಂಡಿ ತೋಡುವವರನ್ನು ವಿಚಾರಿಸದೆ ಪಟ್ಟಿ ಮುಗಿಸಿದ್ದು ಎಲ್ಲವನ್ನೂ ತಮ್ಮದೇ ತಪ್ಪೆಂದು ಒಪ್ಪಿಕೊಂಡರು. ಆ ಭಾಗದ ಕೆಲಸ ಐದು ತಿಂಗಳು ನಿಂತಿತು. ಇಲಾಖೆಯವರು ಬಂದು ಇನ್ನೂ ಎರಡು ಮಡಕೆಗಳನ್ನು ತೆಗೆದರು. ಮೊದಲಿನದರಲ್ಲಿದ್ದದ್ದು ಮಗುವಿನ ಮೂಳೆಯೆಂದೇ ಆಯಿತು. ರಸ್ತೆ ನಲವತ್ತು ಅಡಿ ಪಕ್ಕಕ್ಕೆ ಸರಿಯಿತು. ಸ್ಥಳೀಯ ಪತ್ರಿಕೆಯೊಂದು 'ಸಲಹೆಗಾರರ ಲೋಪ' ಎಂದು ದಪ್ಪ ಅಕ್ಷರದಲ್ಲಿ ಹಾಕಿತು. ತ್ರಿವಿಕ್ರಮ ಅದನ್ನು ಹೆಂಡತಿಗೆ ತೋರಿಸಿದರು.

"ಸರಿಯಾಗೇ ಬರ್ದಿದ್ದಾರಲ್ಲ" ಎಂದರು ಜಯಾ. "ಕಾಫಿ ಆರ್ತಿದೆ, ಕುಡೀರಿ."

ಕಂಪನಿ ಅವರ ನೇಮಕವನ್ನು ಮುಂದುವರಿಸಲಿಲ್ಲ. ಆದರೆ ಕಲ್ಲಿನ ಸುತ್ತ ಇನ್ನೆಷ್ಟು ಮಕ್ಕಳಿದ್ದಾರೋ ಯಾರಿಗೂ ಗೊತ್ತಿರಲಿಲ್ಲ. ಯಾರೂ ಹೇಳದಿದ್ದರೂ ತ್ರಿವಿಕ್ರಮ ಆ ಮಕ್ಕಳ ಪಟ್ಟಿ ಮಾಡಲು ವಾರಕ್ಕೆರಡು ಸಲ ಭದ್ರಾವತಿಯ ಬಸ್ಸು ಹತ್ತತೊಡಗಿದರು. ಬಂಗಾರಮ್ಮ ಮುಂದೆ, ಇವರು ಹಿಂದೆ. ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನ ಓಣಿಗಳಲ್ಲಿ ಬಂಗಾರಮ್ಮ ಗಂಡಸರನ್ನು ಕೇಳುತ್ತಲೇ ಇರಲಿಲ್ಲ. ನೇರವಾಗಿ ಅಡುಗೆಮನೆಗೆ ಹೋಗಿ ಅಲ್ಲಿಯ ಅಜ್ಜಿಯ ಪಕ್ಕ ಕುಳಿತುಬಿಡುತ್ತಿದ್ದರು. ಮೂರು ವಾರದಲ್ಲಿ ಒಂಬತ್ತು ಮಕ್ಕಳ ಸುದ್ದಿ ಸಿಕ್ಕಿತು. ಒಂದರ ಬಗ್ಗೆಯೂ ಆ ಮನೆಗಳ ಗಂಡುಮಕ್ಕಳು ಕೇಳಿರಲಿಲ್ಲ.

ಹತ್ತನೆಯ ಮನೆ ಒಬ್ಬ ತಮಿಳು ಅಜ್ಜಿಯದು. ಹೆಣ್ಣುಮಗು, ನಾಲ್ಕೇ ದಿನ ಬದುಕಿದ್ದು ಎಂದರು. ತ್ರಿವಿಕ್ರಮ ಪೆನ್ನು ಹಿಡಿದು ಹೆಸರು ಕೇಳಿದರು.

"ಹೆಸ್ರು ಇಡ್ಲಿಲ್ಲ ಸಾರ್. ಇಡೋಕೆ ಮುಂಚೆ ಹೋಯ್ತು."

"ಹಾಗಾದ್ರೆ ಏನಂತ ಬರೀಲಿ ಅಜ್ಜಿ?"

ಅಜ್ಜಿ ಬಂಗಾರಮ್ಮನ ಮುಖ ನೋಡಿದರು, ತಮ್ಮ ಕೈ ನೋಡಿಕೊಂಡರು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು.

"ಸೆಲ್ವಿ ಅಂತ ಬರೀರಿ" ಎಂದರು.

ತ್ರಿವಿಕ್ರಮ ಇನ್ನೊಮ್ಮೆ ಹೇಳಿಸಿಕೊಂಡು ಬರೆದುಕೊಂಡರು.