ಚೌಕಳಿ ಜೀರುಂಡೆಗೆ ಇಟ್ಟ ಹೆಸರು

ಅಕ್ಕ ಆ ಹುಳುಗಳನ್ನು ಕಳಿಸಿದ್ದು ಮಾತ್ರೆಯ ಖಾಲಿ ಡಬ್ಬಿಯಲ್ಲಿ. ಭಾವನ ಸಾಮಿಲ್ಲಿನಲ್ಲಿ ಹೊಸದಾಗಿ ಬಂದಿಳಿದ ದಿಮ್ಮಿಗಳ ಮೇಲೆ ಸಿಕ್ಕಿದ್ದವಂತೆ. ನಾನು ಮ್ಯೂಸಿಯಮ್ಮಿನ ಕೀಟ ವಿಭಾಗಕ್ಕೆ ಸೇರಿದಾಗಿನಿಂದ ಅವಳಿಗೆ ಇದೊಂದು ಚಾಳಿ. ಡಬ್ಬಿಯ ಮೇಲೆ ದಿನಾಂಕ, ಯಾವ ಮರ ಎಂದೆಲ್ಲ ಬರೆದಿರುತ್ತಿದ್ದಳು, ಕಲಿಸಿದ್ದು ನಾನೇ.

ಒಟ್ಟು ಐದು. ಅಕ್ಕಿಕಾಳಿಗಿಂತ ತುಸು ಉದ್ದ, ಮೈತುಂಬ ನವಿರು ಕೂದಲು, ಇಟ್ಟಿಗೆ ಬಣ್ಣದ ಬೆನ್ನಿನ ಮೇಲೆ ಕಪ್ಪು ಚೌಕಳಿ. ಚೌಕಳಿ ಜೀರುಂಡೆ ಎಂದು ನೋಡಿದೊಡನೆ ಗೊತ್ತಾಯಿತು, ಆದರೆ ನನಗೆ ತಿಳಿದ ಯಾವ ಜಾತಿಗೂ ಹೊಂದಲಿಲ್ಲ. ಒಂದರ ಹೊಟ್ಟೆ ಬಿಡಿಸಿ ಮೈಕ್ರೋಸ್ಕೋಪಿನಡಿ ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ಇದುವರೆಗೆ ಯಾರೂ ಹೆಸರಿಡದ ಹುಳು.

ಆ ಹೊತ್ತಿಗೆ ಅಕ್ಕನ ಕಾಯಿಲೆಗೂ ಡಾಕ್ಟರು ಹೆಸರು ಹೇಳಿಯಾಗಿತ್ತು.

ಪ್ರತಿ ಭಾನುವಾರ ಹೋಗಿ ಅವಳ ಮಂಚದ ಪಕ್ಕ ಕೂರುತ್ತಿದ್ದೆ.

"ಏನೇ ಹುಳುಕಿ, ನನ್ನ ಹುಳ ಏನಂತೆ?"

"ಬರೀತಿದೀನಿ ಅಕ್ಕ. ಮೀಸೆಗೆ ಎಷ್ಟು ಗಂಟು, ಕಾಲಿಗೆ ಎಂಥ ಕೂದಲು, ಎಲ್ಲ ಬರೀಬೇಕು."

"ನಿನಗೆ ಗಂಡು ಹುಡುಕುವಾಗಲೂ ಇಷ್ಟು ನೋಡ್ಲಿಲ್ಲ ಕಣೆ ನಾವು."

"ಅದಕ್ಕೇ ಹಾಗಾಯ್ತು," ಅಂದೆ. ಇಬ್ಬರೂ ನಕ್ಕೆವು. ಅವಳಿಗೆ ಕೆಮ್ಮು ಬಂತು.

"ಏನು ತಿನ್ನುತ್ತೆ ಅದು?"

"ಮರ ಕೊರೆಯೋ ಹುಳಗಳನ್ನ."

"ಕೇಳಿದ್ರಾ?" ಅಕ್ಕ ಬಾಗಿಲಲ್ಲಿ ನಿಂತಿದ್ದ ಭಾವನ ಕಡೆ ತಿರುಗಿದಳು. "ಸಂಬಳ ಇಲ್ಲದ ಕಾವಲುಗಾರ. ನೀವು ಚಪ್ಪಲೀಲಿ ಹೊಸಕಿ ಹಾಕ್ತಿದ್ರಿ." ಮತ್ತೆ ನನ್ನತ್ತ, "ಹೆಸರು ಏನಿಟ್ಟೆ?"

"ಅಚ್ಚಾಗೋ ತನಕ ಹೇಳಬಾರದು."

ನಮ್ಮ ಕೆಲಸದಲ್ಲಿ ಅದೊಂದು ಶಿಸ್ತು. ವಿವರಣೆಗಿಂತ ಮೊದಲೇ ಹೆಸರು ಹೊರಬಿದ್ದರೆ ಇನ್ನೆಲ್ಲೋ ಅರೆಬರೆಯಾಗಿ ಅಚ್ಚಾಗಿ ಗೊಂದಲವಾಗುತ್ತದೆ. ಇಪ್ಪತ್ತೆರಡು ವರ್ಷ ಪಾಲಿಸಿದ್ದೆ. ಹಾಸಿಗೆ ಹಿಡಿದ ಅಕ್ಕ ಯಾರಿಗೆ ಹೇಳಿಯಾಳು ಎಂದು ಹೊಳೆಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಆದರೆ ನಾನು ಇಟ್ಟದ್ದು ಅವಳದೇ ಹೆಸರು. ಅಚ್ಚಾದ ಪುಟವನ್ನು ಕೈಗೆ ಕೊಟ್ಟು, ಅವಳು ಅದನ್ನು ತಾನೇ ಓದಿಕೊಳ್ಳುವಾಗ ಮುಖ ನೋಡಬೇಕೆಂಬ ಆಸೆ. ಆಸೆ ನನ್ನದು, ಕಾಯುವ ಕೆಲಸ ಅವಳದು.

ಹೋಲಿಸಲು ಬೇಕಾದ ಹಳೆಯ ಮಾದರಿ ಬೇರೊಂದು ಮ್ಯೂಸಿಯಮ್ಮಿನಿಂದ ಬರಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅಕ್ಕ ದಿಂಬಿನಿಂದ ತಲೆ ಎತ್ತುವುದನ್ನು ನಿಲ್ಲಿಸಿದ್ದಳು. ಬರಹ ಅಚ್ಚಿಗೆ ಹೋದ ಮೇಲಿನ ಭಾನುವಾರ ಬೆರಳಾಡಿಸಿ ಹತ್ತಿರ ಕರೆದಳು.

"ಕಿವೀಲಿ ಹೇಳೇ. ಯಾರಿಗೂ ಹೇಳಲ್ಲ."

"ಇನ್ನು ಮೂರೇ ವಾರ ಅಕ್ಕ. ಪುಟಾನೇ ತಂದು ತೋರಿಸ್ತೀನಿ."

"ಸರಿ ಬಿಡು. ಚಿಕ್ಕವಳಿದ್ದಾಗಲೂ ನಿಂದು ಹಿಡಿದದ್ದೇ ಹಟ."

ಬುಧವಾರ ಹೋಗಿಬಿಟ್ಟಳು.

ಹದಿನೈದು ದಿನಕ್ಕೆ ಕರಡಚ್ಚು ಬಂತು. ಹೆಸರಿನ ಎದುರು ಸಂಪಾದಕರು ಕೆಂಪಿನಲ್ಲಿ ಒಂದು ಪ್ರಶ್ನೆ ಬರೆದಿದ್ದರು: 'ಯಾರ ಹೆಸರಿಟ್ಟಿದ್ದೀರೋ ಅವರ ಒಪ್ಪಿಗೆ ಪಡೆದಿದ್ದೀರಾ?' ಬದುಕಿರುವವರ ಹೆಸರಿಡುವಾಗ ಕೇಳುವುದು ವಾಡಿಕೆ. ಬೇರೆಯವರ ಬರಹ ನೋಡುವಾಗ ನಾನೇ ಎಷ್ಟೋ ಸಲ ಈ ಪ್ರಶ್ನೆ ಹಾಕಿದ್ದೇನೆ.

'ಅವರೇ ಕೇಳಿದ್ದರು, ನಾನು ಹೇಳಲಿಲ್ಲ' ಎಂದು ಟೈಪು ಮಾಡಿದೆ. ಅಳಿಸಿದೆ. 'ಅವರು ಈಗಿಲ್ಲ' ಎಂದಷ್ಟೇ ಬರೆದು ಕಳಿಸಿದೆ.

ಅರ್ಧ ಗಂಟೆಯಲ್ಲಿ ಉತ್ತರ ಬಂತು. ಹಾಗಿದ್ದರೆ ಅಡ್ಡಿಯಿಲ್ಲ, ಮುಂದುವರಿಯಬಹುದು.