ಒಂದು ಗೇಣಿನ ಗೆರೆ

ಸೈಕಲ್ ಹತ್ತುವುದನ್ನು ನಾನು ಒಂದೇ ದಿನದಲ್ಲಿ ಕಲಿತೆ. ಇಳಿಯುವುದನ್ನು ಕಲಿಯಲು ಎರಡು ವರ್ಷ ಬೇಕಾಯಿತು.

ಏಕೀಕರಣವಾಗಿ ಒಂದು ವರ್ಷ ಕಳೆದಾಗಿನ ಮಾತು ಇದು. ನಮ್ಮ ಮನೆ ಬಸವನ ಬಾಗೇವಾಡಿಯಲ್ಲಿ, ನನ್ನ ನೌಕರಿ ಇಂಗಳೇಶ್ವರದ ಶಾಲೆಯಲ್ಲಿ. ನಡುವೆ ಆರು ಮೈಲಿ ಎರೆಮಣ್ಣಿನ ಚಕ್ಕಡಿ ದಾರಿ. ಶಾಲೆಯ ಗಂಟೆ ಏಳೂವರೆಗೆ. ಇಂಗಳೇಶ್ವರದಲ್ಲೇ ಮನೆ ಮಾಡಬಾರದೇ ಎಂದು ಕೇಳಿದವರೆಲ್ಲ ಗಂಡಸರು. ಬಾಗೇವಾಡಿಯಲ್ಲಿ ದವಾಖಾನೆ ಇತ್ತು, ಮಗ್ಗುಲ ಮನೆಯಲ್ಲೇ ಸೂಲಗಿತ್ತಿ ಸಾವಂತ್ರವ್ವ ಇದ್ದಳು. ಮೊದಲ ಕೂಸನ್ನು ಮಣ್ಣಿಗೆ ಕೊಟ್ಟಿದ್ದ ನನ್ನ ಹೆಂಡತಿ ಸಾಬೀರಾ ಇವೆರಡನ್ನು ಬಿಟ್ಟು ಎಲ್ಲಿಗೂ ಬರಲು ತಯಾರಿರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಹಾಗೆ ನೋಡಿದರೆ ಆ ನಸುಕಿನ ಸವಾರಿ ನನಗೆ ಬೇಸರದ್ದಲ್ಲ. ತಲೆಗೆ ಮಫ್ಲರ್, ಕೈಗೆ ಹಳೆಯ ಕಾಲುಚೀಲ ಹಾಕಿಕೊಂಡು ಹೊರಟರೆ ಮೊದಲ ಮೈಲಿಯಲ್ಲಿ ಹಲ್ಲು ಕಟಕಟ ಎನ್ನುತ್ತಿದ್ದವು. ಎರಡನೆಯ ಮೈಲಿಯಲ್ಲಿ ಮೈ ಬೆಚ್ಚಗಾಗುತ್ತಿತ್ತು. ಮೂರನೆಯ ಮೈಲಿಗೆ ಬರುವಾಗ ಮೂಡಲು ಕೆಂಪಾಗಿ, ಬಿಳಿಜೋಳದ ಹೊಲದಿಂದ ತಣ್ಣನೆಯ ಗಾಳಿ ಬಂದು, ಮನುಷ್ಯ ತಾನೇ ರಾಜ ಅಂದುಕೊಳ್ಳುತ್ತಿದ್ದ. ಗೋಳೆಂದರೆ, ಆ ಮೂರನೆಯ ಮೈಲಿಯಲ್ಲೇ ಇನ್ನೊಬ್ಬ ರಾಜ ಎದುರಿನಿಂದ ಬರುತ್ತಿದ್ದ.

ಅವನ ಹೆಸರು ಸಿದ್ರಾಮ. ಅವನೂ ಮಾಸ್ತರನೇ. ಮನೆ ಮತ್ತು ಹೊಲ ಇಂಗಳೇಶ್ವರದಲ್ಲಿ, ನೌಕರಿ ಬಾಗೇವಾಡಿಯಲ್ಲಿ. ಅಂದರೆ ನನ್ನ ಊರಿನ ಮಕ್ಕಳಿಗೆ ಪಾಠ ಹೇಳಲು ಅವನು ಬರುತ್ತಿದ್ದ, ಅವನ ಊರಿನ ಮಕ್ಕಳಿಗೆ ಪಾಠ ಹೇಳಲು ನಾನು ಹೋಗುತ್ತಿದ್ದೆ. ಇದರಲ್ಲಿ ನಗುವಂಥದ್ದೇನೋ ಇದೆ ಎಂದು ಎರಡೂ ಊರಿನವರಿಗೆ ತಿಳಿದಿತ್ತು. ತಿಳಿಯದವರು ನಾವಿಬ್ಬರೇ.

ದಾರಿಯ ನಡುಮಧ್ಯೆ, ಈಚೆಯ ಬೇವಿನ ಗಿಡದಿಂದ ಆಚೆಯ ಹಳ್ಳದವರೆಗೆ, ಎರಡು ಫರ್ಲಾಂಗು ಬಹಳ ಕೆಟ್ಟ ಜಾಗ. ಚಕ್ಕಡಿ ಗಾಲಿಗಳು ಕೊರೆದ ಎರಡು ಕೊರಕಲು, ಅವುಗಳ ಆಚೆ ಈಚೆ ನೆಗ್ಗಿಲು ಮುಳ್ಳು. ನಟ್ಟನಡುವೆ ಮಾತ್ರ ಸೈಕಲ್ ಗಾಲಿ ಓಡಾಡಿ ನುಣ್ಣಗಾದ ಒಂದು ಗೇಣಿನ ಗೆರೆ. ಎದುರುಬದುರಾದರೆ ಒಬ್ಬರು ಇಳಿದು ಸೈಕಲ್ ಅನ್ನು ಮುಳ್ಳಿಗೆ ತಳ್ಳಬೇಕು. ಮುಳ್ಳಿಗೆ ಇಳಿದ ಟ್ಯೂಬಿನ ಗತಿ ದೇವರಿಗೇ ಗೊತ್ತು.

ಒಂದು ದಿನ ಮುಂದಿನ ಗಾಲಿಗೆ ಗಾಲಿ ತಾಗುವವರೆಗೂ ಇಬ್ಬರೂ ಇಳಿಯಲಿಲ್ಲ.

"ಇಳೀರಿ, ಇದು ನಮ್ಮ ಹೊಲದ ದಂಡಿ" ಎಂದ ಸಿದ್ರಾಮ. ಮಗ್ಗುಲಲ್ಲಿದ್ದ ಕಡಲೆಯ ಹೊಲ ನಿಜಕ್ಕೂ ಅವನದೇ.

"ಹೊಲಾ ನಿಮ್ಮದಿರಬಹುದು. ಗೆರಿ ನಿಮ್ಮಪ್ಪ ಮಾಡಿಟ್ಟದ್ದೇನು?" ಎಂದೆ ನಾನು. ನನ್ನ ಬಾಯಿ ಮೊದಲಿಂದಲೂ ಮೆಣಸಿನಕಾಯಿಯೇ.

ಅಪ್ಪನ ತನಕ ಹೋದ ಮಾತು ಹಿಂದೆ ಬರುವುದಿಲ್ಲ. ಅಂದಿನಿಂದ ನಮ್ಮ ನಡುವೆ ಮಾತು ನಿಂತಿತು. ಮಾತಿಲ್ಲದೆಯೇ ಒಂದು ಕಾಯದೆ ಹುಟ್ಟಿತು. ಗೆರೆಯ ಅರ್ಧಕ್ಕೆ ಹೊಲದ ಎಲ್ಲೆ ತೋರಿಸುವ ಒಂದು ಬಾಂದುಕಲ್ಲಿತ್ತು. ಅದನ್ನು ಮೊದಲು ದಾಟಿದವನು ಗೆದ್ದಂತೆ, ಇನ್ನೊಬ್ಬ ಇಳಿಯಬೇಕು. ನಾನು ಆರಕ್ಕೆ ಹೊರಡುತ್ತಿದ್ದವನು ಹತ್ತು ನಿಮಿಷ ಮೊದಲೇ ಹೊರಟೆ. ಅವನು ಹದಿನೈದು ನಿಮಿಷ ಮೊದಲು ಹೊರಟ. ನಾನು ಐದೂವರೆ ಮಾಡಿದೆ. ಹೀಗೆ ಜಗ್ಗಾಡಿ ಜಗ್ಗಾಡಿ ಎರಡನೆಯ ಚಳಿಗಾಲ ಬರುವಷ್ಟರಲ್ಲಿ ಚಿಕ್ಕೆಗಳು ಇನ್ನೂ ಇರುವಾಗಲೇ ಮನೆ ಬಿಡುತ್ತಿದ್ದೆ. ಶಾಲೆಯ ಕೀಲಿ ತೆಗೆಯುವ ಜವಾನ ಬರುವ ತನಕ ಕಟ್ಟೆಯ ಮೇಲೆ ಕೂತು ನಡುಗುತ್ತಿದ್ದೆ. ಬಾಗೇವಾಡಿಯಲ್ಲಿ ಸಿದ್ರಾಮನೂ ಹಾಗೇ ನಡುಗುತ್ತಾನೆಂದು ಕೇಳಿ ಬಹಳ ಸಂತೋಷವಾಗುತ್ತಿತ್ತು. ಸಂಜೆ ಮಾತ್ರ ಈ ಗದ್ದಲವಿರಲಿಲ್ಲ. ಆ ಹೊತ್ತಿನಲ್ಲಿ ಚಕ್ಕಡಿ, ದನ, ಹೊರೆ ಹೊತ್ತ ಹೆಂಗಸರು ದಾರಿ ತುಂಬಿರುತ್ತಿದ್ದರಿಂದ ಎಲ್ಲರೂ ಇಳಿದೇ ಹೋಗಬೇಕು.

ಆ ಚಳಿಗಾಲಕ್ಕೆ ಮುಂಚಿನ ಮಳೆಗಾಲದ ಕೊನೆಗೆ ಸಾಬೀರಾ ಮತ್ತೆ ಬಸಿರಾದ ಸುದ್ದಿ ಹೇಳಿದಳು. ಹೇಳಿ ಅತ್ತಳು, ನಾನು ಅಳಲಿಲ್ಲ ಅಷ್ಟೇ. ಮೊದಲನೆಯದು ಹೋದದ್ದು ಒಂದು ಮುಂಜಾನೆ. ನಾನು ಶಾಲೆಯಲ್ಲಿದ್ದೆ. ಅವಳು ಒಬ್ಬಳೇ ಬಾಗಿಲವರೆಗೆ ತೆವಳಿ ಬಂದು ಕೂಗಿದ್ದಳು, ಆ ದಿನ ಸಾವಂತ್ರವ್ವ ಊರಲ್ಲಿರಲಿಲ್ಲ. ಈ ಸಲ ನಾನು ಹತ್ತಿರ ಇರಬೇಕಿತ್ತು. ಅದಕ್ಕಿಂತ ದೊಡ್ಡದು ನನಗೆ ಬೇರೆ ಯಾವುದೂ ಇರಲಿಲ್ಲ.

ದಸರೆ ಸೂಟಿಯಲ್ಲಿ ಬಿಜಾಪುರಕ್ಕೆ ಹೋಗಿ ಸ್ಕೂಲ್ ಬೋರ್ಡಿನ ಕಾರಕೂನರನ್ನು ಕಂಡೆ. ಒಳ್ಳೆಯ ಮನುಷ್ಯ.

"ಬಾಗೇವಾಡ್ಯಾಗ ಜಾಗಾ ಖಾಲಿ ಇಲ್ರಿ ಮಾಸ್ತರ" ಎಂದರು. "ಅಲ್ಲಿಂದ ಯಾರರ ಇಂಗಳೇಶ್ವರಕ್ಕ ಬರತೇನಂದ್ರ ಅದಲಿಬದಲಿ ಮಾಡಾಕ ಬರತೈತಿ. ಇಬ್ಬರೂ ಕೂಡಿ ಒಂದ ಅರ್ಜಿ ಬರದು ಸಹಿ ಹಾಕ್ರಿ." ಆಮೇಲೆ ಏನೋ ನೆನಪಾಗಿ ಕನ್ನಡಕ ತೆಗೆದರು. "ಅಲ್ರಿ, ಸಿದ್ರಾಮ ಮಾಸ್ತರ ಇಂಗಳೇಶ್ವರದವರ ಅದಾರಲ್ಲ. ಹಾದ್ಯಾಗ ಎಂದೂ ಭೆಟ್ಟಿ ಆಗಿಲ್ಲೇನು?"

"ದಿನಾ ಆಗತೇವ್ರಿ" ಎಂದೆ.

ಮನೆಗೆ ಬಂದು ಸಾಬೀರಾಳಿಗೆ ಹೇಳಿದೆ. "ಮತ್ತೇನು, ನಾಳಿಗೇ ಕೇಳ್ರಿ" ಎಂದಳು. ನಾಳೆ ಕೇಳಲಿಲ್ಲ, ನಾಡಿದ್ದೂ ಕೇಳಲಿಲ್ಲ. ದಿನಾ ಬಾಂದುಕಲ್ಲು ಬರುತ್ತಿತ್ತು, ಸಿದ್ರಾಮನ ದಪ್ಪ ಮೀಸೆ ಬರುತ್ತಿತ್ತು, ನಾನು ಪೆಡಲ್ ತುಳಿದು ಮುಂದೆ ಹೋಗಿಬಿಡುತ್ತಿದ್ದೆ. ಮಕ್ಕಳಿಗೆ 'ಸಿಟ್ಟು ಬುದ್ಧಿಗೆ ಶತ್ರು' ಎಂದು ಕಪ್ಪುಹಲಗೆಯ ಮೇಲೆ ಬರೆಸುವ ಮಾಸ್ತರ ನಾನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಮಾರ್ಗಶಿರದಲ್ಲಿ ಅವಳಿಗೆ ಬಯಕೆ ಹತ್ತಿತು. ಎಳೆಯ ಕಡಲೆ ಸೊಪ್ಪು ಬೇಕು. ಬಜಾರದಿಂದ ತಂದುಕೊಟ್ಟೆ, ಬಾಯಿಗೆ ಹಾಕಿ ಉಗುಳಿದಳು. "ಇದರಾಗ ಹುಳಿ ಎಲ್ಲೈತ್ರಿ? ಇಬ್ಬನಿ ಬಿದ್ದದ್ದು, ನಸಕಿನ್ಯಾಗ ಚಿವುಟಿದ್ದು ಬೇಕು. ನಿಮ್ಮ ಹಾದ್ಯಾಗ ಕಡ್ಲಿ ಹೊಲಾ ಇಲ್ಲೇನು?" ಇತ್ತು. ಒಂದೇ ಒಂದು ಇತ್ತು. ಯಾರದೆಂದು ಅವಳಿಗೂ ಗೊತ್ತಿತ್ತು.

ಅದಾಗಿ ಎಂಟು ದಿನಕ್ಕೆ, ಹೊರಟವನು ಊರ ಅಗಸಿಬಾಗಿಲ ತನಕ ಹೋಗಿ ಬುತ್ತಿ ಮರೆತದ್ದು ನೆನಪಾಗಿ ಹಿಂದಿರುಗಿದೆ. ಸಾಬೀರಾ ನೀರಿನ ಹರವಿಯ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಆ ಚಳಿಯಲ್ಲೂ ಹಣೆ ಬೆವತಿತ್ತು. ತಂಬಿಗೆ ಉರುಳಿ ನೀರು ಹೊಸ್ತಿಲ ತನಕ ಹರಿದಿತ್ತು.

"ಏನಿಲ್ರಿ, ಕಣ್ಣಿಗಿ ಕತ್ತಲಿ ಬಂದಿತ್ತು" ಎಂದಳು. "ನೀವು ಹೋಗ್ರಿ. ಇಲ್ಲಾಂದ್ರ ಅವರು ಕಲ್ಲ ದಾಟತಾರ."

ಅವಳು ಚುಚ್ಚಲೆಂದು ಅನ್ನಲಿಲ್ಲ. ನಿಜವಾಗಿಯೂ ನನಗೆ ತಡವಾಗುತ್ತದೆಂದೇ ಅಂದಳು. ಅದಕ್ಕೇ ನನಗೆ ತಡೆಯಲಾಗಲಿಲ್ಲ, ನಾಚಿಕೆಯಿಂದ ಮುಖ ಸುಟ್ಟಂತಾಯಿತು. ಓಡಿಹೋಗಿ ಸಾವಂತ್ರವ್ವನನ್ನು ಎಬ್ಬಿಸಿಕೊಂಡು ಬಂದೆ. ಆಕೆ ಹೊಟ್ಟೆ ಮುಟ್ಟಿ ನೋಡಿ, ಬೆಲ್ಲದ ನೀರು ಕುಡಿಸಿ, ನನ್ನ ಕಡೆ ತಿರುಗಿದಳು.

"ಕೂಸು ಬೇಷ ಐತಿ. ನಾ ಇಲ್ಲೇ ಕುಂದ್ರತೇನಿ. ನೀ ಮಾತ್ರ ಇವತ್ತು ಆ ಅದಲಿಬದಲಿ ಕೆಲಸಾ ಮಾಡ್ಕೊಂಡ ಬಾ, ಇಲ್ಲಾಂದ್ರ ಬರಬ್ಯಾಡ."

ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸುತ್ತ ಹೋದೆ. ಎಂದಿಗಿಂತ ಮುಕ್ಕಾಲು ತಾಸು ತಡ. ಸಿದ್ರಾಮ ಈಗಾಗಲೇ ದಾಟಿ ಹೋಗಿರಬೇಕು, ಬಾಗೇವಾಡಿಗೇ ತಿರುಗಿ ಹೋಗಿ ಹಿಡಿಯಬೇಕೇನೋ ಅಂದುಕೊಂಡೆ. ಆದರೆ ದಾರಿಯಲ್ಲಿ ಅವನು ಎದುರಾಗಿರಲಿಲ್ಲ. ಬೇವಿನ ಗಿಡ ದಾಟಿದಾಗ ಕಂಡ. ಬಾಂದುಕಲ್ಲಿನ ಹತ್ತಿರ ನಿಂತಿದ್ದ. ಸೈಕಲ್ ಮುಳ್ಳಿನಲ್ಲಿ, ತಾನೂ ಮುಳ್ಳಿನಲ್ಲಿ. ಗೆರೆ ಖಾಲಿ ಇತ್ತು.

ಬೆಲ್ ಹೊಡೆದು ಮುಂದೆ ಹೋಗಬಹುದಿತ್ತು. ಹಿಂದಿನ ದಿನದ ನಾನಾಗಿದ್ದರೆ ಖಂಡಿತ ಹೋಗುತ್ತಿದ್ದೆ. ಆದರೆ ನಾನು ಇಳಿದೆ, ಇಳಿದು ಎದುರು ಬದಿಯ ಮುಳ್ಳಿಗೆ ಸೈಕಲ್ ತಳ್ಳಿ ನಿಂತೆ. ಈಗ ಇಬ್ಬರೂ ಆಚೆ ಈಚೆ, ನಡುವೆ ಖಾಲಿ ಗೆರೆ.

"ಇವತ್ತ ಕಾಣಲಿಲ್ಲ" ಎಂದ ಸಿದ್ರಾಮ, ಹೊಲದ ಕಡೆ ಮುಖ ತಿರುಗಿಸಿ. "ಎಲ್ಲ್ಯರ ಬಿದ್ದಗಿದ್ದರೇನೋ ಅಂತ ನಿಂತೆ."

ಜೋಡಿಸಿ ತಂದಿದ್ದ ಮಾತೆಲ್ಲ ಎಲ್ಲಿ ಹೋಯಿತೋ. "ನಿಮ್ಮ ಹೊಲದಾಗಿಂದು ಒಂದ ಹಿಡಿ ಕಡ್ಲಿ ಸೊಪ್ಪು ಬೇಕಾಗಿತ್ರಿ" ಎಂದುಬಿಟ್ಟೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಯಾರಿಗಿ?"

"ಮನ್ಯಾಗ."

"ಎಷ್ಟ ತಿಂಗಳ?"

"ಆರು."

ಸಿದ್ರಾಮ ಚಪ್ಪಲಿ ಕಳಚಿಟ್ಟು ಹೊಲಕ್ಕೆ ಇಳಿದ. ಇಬ್ಬನಿಯಲ್ಲಿ ಅವನ ಧೋತರದ ಅಂಚು ತೊಯ್ದು ಕಾಲಿಗೆ ಅಂಟಿಕೊಂಡಿತು. ಕುಡಿ ಚಿವುಟಿ ಚಿವುಟಿ ಟವೆಲ್ಲು ತುಂಬಿಸಿದ, ಸಾಕು ಎಂದರೂ ಕೇಳಲಿಲ್ಲ.

"ಬಸರ ಹೆಂಗಸಿನ ಬಾಯಿಗಿ ಅಡ್ಡ ನಿಂತ ಪಾಪ ನನಗ ಹಚ್ಚಿದ್ರೇನ್ರಿ? ಮೊದಲ ಹೇಳಬಾರದ?"

"ಹೆಂಗ ಹೇಳ್ಲಿ? ನಾವು ಮಾತಾಡೂದಿಲ್ಲಲ್ಲ."

ಅವನು ನಕ್ಕ. ಮೀಸೆಯ ಕೆಳಗೆ ಅಷ್ಟು ಒಳ್ಳೆಯ ನಗು ಇದ್ದದ್ದು ನನಗೆ ಗೊತ್ತೇ ಇರಲಿಲ್ಲ. ಆ ನಗುವಿನ ಧೈರ್ಯದ ಮೇಲೆ ಕಿಸೆಯಿಂದ ಕಾಗದ ತೆಗೆದೆ. ಬೋರ್ಡಿನವರು ಹೇಳಿದ್ದನ್ನೂ, ಮೊದಲ ಕೂಸಿನ ವಿಷಯವನ್ನೂ, ಅಂದು ಬೆಳಗ್ಗೆ ಕಂಡದ್ದನ್ನೂ ಹೇಳಿದೆ.

ಸಿದ್ರಾಮ ಸೊಪ್ಪಿನ ಟವೆಲ್ಲಿಗೆ ಗಂಟು ಹಾಕಿದ. "ನನಗೂ ಬೋರ್ಡಿನ್ಯಾಗ ಹೇಳಿದ್ರು, ಹೋದ ವರ್ಷನ. ನಿಮ್ಮ ಹೆಸರು ಕೇಳಿ ಹೊಳ್ಳಿ ಬಂದೆ." ಹೊಲದ ಕಡೆ ಕೈ ಮಾಡಿದ. "ಹೋಗೂ ಮುಂದ ಕತ್ತಲಿ, ಬರೂ ಮುಂದ ಕತ್ತಲಿ. ನನ್ನ ಹೊಲಾ ನಾ ಬೆಳಕಿನ್ಯಾಗ ನೋಡೂದು ಆಯಿತವಾರ ಅಷ್ಟ. ಈಗ ನೋಡ್ರಿ, ನಿಮ್ಮಿಂದ ತಡಾ ಆತು, ಕಾಯಿ ಕಟ್ಟಿದ್ದು ಕಂಡೆ."

ನನ್ನ ಸೈಕಲ್ಲಿನ ಸೀಟೇ ಮೇಜಾಯಿತು. ಅವನು ಸೈಕಲ್ ಹಿಡಿದು ನಿಂತ, ನಾನು ಅರ್ಜಿ ಬರೆದೆ. ಸಹಿಯ ಹೊತ್ತಿಗೆ ಮತ್ತೆ ತಕರಾರು ಬಂತು. "ನೀವ ಮೊದಲ ಹಾಕ್ರಿ" ಎಂದೆ. "ಹ್ಞಾಂ, ಯಾಕ? ನೀವ ಹಾಕ್ರಿ" ಎಂದ. ಸೂರ್ಯ ಮೇಲೆ ಬಂದ. ಆ ದಿನ ಎರಡು ಊರಿನ ಮಕ್ಕಳೂ ಮಾಸ್ತರರಿಲ್ಲದ ಖುಷಿಯಲ್ಲಿ ಗದ್ದಲವೆಬ್ಬಿಸಿದರಂತೆ.

ಸಂಜೆ ಸಾಬೀರಾ ಬಾಡಿದ ಸೊಪ್ಪಿನ ಗಂಟು ಬಿಚ್ಚಿ, ಒಂದು ಎಲೆ ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು. "ಇದರಾಗ ಹುಳಿ ಐತಿ" ಎಂದಳು.

ಶಿವರಾತ್ರಿಗೆ ಮೊದಲು ವರ್ಗಾವಣೆಯ ಹುಕುಂ ಬಂತು. ಬಾಗೇವಾಡಿಯ ಶಾಲೆಗೆ ನಾನು ನಡೆದೇ ಹೋಗತೊಡಗಿದೆ. ಯುಗಾದಿಗೆ ಎಂಟು ದಿನ ಇರುವಾಗ, ನಸುಕಿನ ಐದು ಗಂಟೆಗೆ, ಸಾಬೀರಾಳ ಕೈ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿಯಿತು. ಹಿಂದಿನ ಲೆಕ್ಕದಲ್ಲಾದರೆ ನಾನು ಆ ಹೊತ್ತಿಗೆ ಒಂದು ಮೈಲಿ ಆಚೆ ಇರುತ್ತಿದ್ದೆ. ಸಾವಂತ್ರವ್ವ ಬಂದು ನೋಡಿ, "ಕೂಸು ಅಡ್ಡ ಆಗೇತಿ, ನರ್ಸಬಾಯಿನ್ನ ಕರ್ಕೊಂಡ ಬಾ, ಓಡು" ಎಂದಳು. ಸೈಕಲ್ ಹತ್ತಿದ್ದು ಗೊತ್ತು, ದವಾಖಾನೆ ಮುಟ್ಟಿದ್ದು ಗೊತ್ತಿಲ್ಲ. ನರ್ಸಬಾಯಿಯನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಬಂದೆ. ಬಿಸಿಲು ಅಂಗಳಕ್ಕೆ ಬರುವಾಗ ಒಳಗಿನಿಂದ ಕೂಸಿನ ಅಳು ಕೇಳಿಸಿತು. ಆಗ ನಾನೂ ಅತ್ತೆ, ಎಲ್ಲರೆದುರಿಗೇ ಅತ್ತೆ. ಹೆಣ್ಣು ಕೂಸು. ಇನ್ನು ಅರ್ಧ ತಾಸು ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ನರ್ಸಬಾಯಿ ಕೈ ತೊಳೆಯುತ್ತ ಹೇಳಿದಳು.

ಆ ಆಯಿತವಾರ ಬೆಳಗ್ಗೆ ಸಕ್ಕರೆ ಕಟ್ಟಿಕೊಂಡು ಸಿದ್ರಾಮನ ಊರಿಗೆ ಹೊರಟೆ. ಬೇವಿನ ಗಿಡ ದಾಟಿ ನೋಡಿದರೆ ಗೆರೆ ಇಲ್ಲ. ಸುಗ್ಗಿಯ ಚಕ್ಕಡಿಗಳು ತುಳಿದು ತುಳಿದು ಬರೀ ಹುಡಿಮಣ್ಣಾಗಿತ್ತು. ಬಾಂದುಕಲ್ಲಿನ ಹತ್ತಿರ ಎಷ್ಟು ಹುಡುಕಿದರೂ ಸಿಗಲಿಲ್ಲ. ಅದು ನಮ್ಮಿಬ್ಬರ ಗಾಲಿಗಳೇ ದಿನಾ ಓಡಾಡಿ ಮಾಡಿದ ಗೆರೆ ಎಂಬುದು ಆಗ ಹೊಳೆಯಿತು. ಅವನಪ್ಪನೂ ಮಾಡಿರಲಿಲ್ಲ, ಸರಕಾರವೂ ಮಾಡಿರಲಿಲ್ಲ. ಯಾರೊಂದಿಗೆ ಜಗಳಾಡಿದೆನೋ ಅವನೊಂದಿಗೇ ಕೂಡಿ ಮಾಡಿದ್ದೆ.

ಕಡಲೆ ಕಿತ್ತ ಹೊಲದಲ್ಲಿ ಸಿದ್ರಾಮ ಬೆಳಕಿನಲ್ಲಿ ನಿಂತಿದ್ದ. ಸಕ್ಕರೆ ಬಾಯಿಗೆ ಹಾಕಿಕೊಂಡು ದಾರಿ ನೋಡಿದ. "ಗೆರಿ ಹೋತಲ್ರಿ ಮಾಸ್ತರ" ಎಂದ.

"ಮತ್ತ ಮಾಡೂಣ್ರಿ" ಎಂದೆ.

ಅಂದಿನಿಂದ ಒಂದು ಆಯಿತವಾರ ನಾನು ಹೋಗುವುದು, ಒಂದು ಆಯಿತವಾರ ಅವನು ಬರುವುದು. ಕೆಲವೊಮ್ಮೆ ಸರದಿ ತಪ್ಪಿ ಇಬ್ಬರೂ ಹೊರಟು ನಡುದಾರಿಯಲ್ಲೇ ಎದುರಾಗುತ್ತಿದ್ದೆವು. ಮೂರು ಚಳಿಗಾಲ ಕಳೆದ ಮೇಲೆ ಅಂಥ ಒಂದು ನಸುಕಿನಲ್ಲಿ ಮಗಳು ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ, ನನ್ನ ಮಫ್ಲರಿನೊಳಗೆ ಕೂತಿದ್ದಳು. ಬೇವಿನ ಗಿಡ ದಾಟಿದ ಮೇಲೆ ನಾನು ಇಳಿದು ಸೈಕಲ್ ಅನ್ನು ಪಕ್ಕಕ್ಕೆ ತಳ್ಳಿದೆ.

"ಅಬ್ಬಾಜಾನ, ಯಾಕ ಇಳದಿ?" ಎಂದಳು.

"ಮುಂದ ನೋಡವ್ವ" ಎಂದೆ. "ನಿನ್ನ ಕಡ್ಲಿ ಕಾಕಾ ಆಗಲೇ ಇಳದ ನಿಂತಾನ."