ಒಂದೇ ಕೊಂಡಿಯ ಬೆಲ್ಟು

1998ರಲ್ಲಿ ನನಗೆ ಮುರುಡೇಶ್ವರದ ಕಡಲಿನಲ್ಲಿ ಉಸಿರು ಬಿಗಿಹಿಡಿದು ಮುಳುಗಿ ಈಟಿಯಿಂದ ಮೀನು ಹೊಡೆಯುವ ಹುಚ್ಚು. ಆಳಕ್ಕೆ ಇಳಿಯಲು ಸೊಂಟಕ್ಕೆ ಸೀಸದ ಬಿಲ್ಲೆಗಳ ಬೆಲ್ಟು ಬೇಕು. ನಮ್ಮ ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಜಟಕಾ ಕುದುರೆಗಳಿಗೆ ತೊಗಲಿನ ಪಟ್ಟಿ ಹೊಲಿಯುವ ಮಾದಪ್ಪನವರಿಗೆ, ಎರಡು ಬಕಲ್ ಹಾಕಿ ಬಿಗಿಯಾಗಿ ಮಾಡಿಕೊಡಿ ಎಂದೆ.

ಅವರು ಒಂದೇ ಕೊಂಡಿ ಹಾಕಿಕೊಟ್ಟರು. "ಎಳೆದ್ರೆ ಬಿಚ್ಕೊಳುತ್ತಲ್ರೀ ಇದು!" ಎಂದು ರೇಗಿದೆ.

"ಬಿಚ್ಕೊಳ್ಳಲಿ ಅಂತ್ಲೇ ಕಣ್ರೀ. ಕುದುರೆ ಮುಗ್ಗರಿಸಿ ಬಿದ್ರೆ ಒಂದೇ ಕೈಲಿ ಪಟ್ಟಿ ಬಿಚ್ಬೇಕು. ಇಲ್ಲಾಂದ್ರೆ ಒದ್ದಾಡಿ ಸತ್ತೋಯ್ತದೆ."

ಗೊಣಗುತ್ತಲೇ ಅದನ್ನು ಮನೆಗೆ ತಂದೆ.

ಕಡಲಿಗೆ ನನ್ನ ಜೊತೆ ಬರುತ್ತಿದ್ದವನು ಯಾದವಗಿರಿಯ ಗೆಳೆಯ ಮಹಾಂತೇಶ. ಮೀನು ಮುಟ್ಟದ ಮನೆಯವನು. ನಾನು ಕೆಳಗಿದ್ದಷ್ಟು ಹೊತ್ತೂ ದೋಣಿಯ ಪಕ್ಕ ನೀರಿನ ಮೇಲೆ ತೇಲುತ್ತ ನನ್ನನ್ನೇ ನೋಡುತ್ತಿರುವುದು ಅವನ ಕೆಲಸ. ಹೊಸ ಬೆಲ್ಟು ಕಟ್ಟಿ ಇಳಿದ ಸಲ ದೊಡ್ಡ ಮೀನೊಂದರ ಆಸೆಗೆ ತಳದಲ್ಲಿ ಹೆಚ್ಚು ಹೊತ್ತು ಕಾದೆ. ಮೇಲೇರುವಾಗ, ಇನ್ನೆರಡು ಮಾರು ಇದೆ ಎನ್ನುವಾಗ, ಪ್ರಜ್ಞೆ ತಪ್ಪಿತು. ಮಹಾಂತೇಶ ಧುಮುಕಿ ಕೊಂಡಿ ಎಳೆದ. ಸೀಸ ತಳ ಸೇರಿತು, ನಾನು ಮೇಲೆ ಬಂದೆ.

ಮೈಸೂರಿಗೆ ಬಂದವನೇ ಒಂದು ಚೀಲ ಬಾಳೆಹಣ್ಣು ಹಿಡಿದು ಮಾದಪ್ಪನವರ ಅಂಗಡಿಗೆ ಹೋಗಿ, ನಡೆದದ್ದನ್ನು ಹೇಳಿ ಕೈಮುಗಿದೆ.

"ನಾನು ಹೊಲಿದೆ, ಅಷ್ಟೇ. ಬಿಚ್ಚಿದ ಕೈ ಯಾರ್ದು? ಅವ್ರಿಗೊಂದು ಒಳ್ಳೇ ಮಾತು ಹೇಳಿದ್ರಾ?"

ಹೇಳಿರಲಿಲ್ಲ. ದೋಣಿಯಲ್ಲಿ ಕಣ್ಣು ಬಿಟ್ಟೊಡನೆ, "ಬೆಲ್ಟ್ ಎಲ್ಲಿ ಕಳೆದ್ಬುಟ್ಟೆ?" ಎಂದು ಅವನನ್ನು ಬೈದಿದ್ದೆ. ಅವನು ನನ್ನ ತಲೆ ಒರೆಸುತ್ತ ಅಳುತ್ತಿದ್ದ.

ಮಾದಪ್ಪನವರು ಒಂದು ಹಣ್ಣು ಮುರಿದುಕೊಂಡು ಚೀಲವನ್ನು ನನ್ನ ಕೈಗೇ ಕೊಟ್ಟರು. ಯಾದವಗಿರಿಯ ಮಹಾಂತೇಶನ ಮನೆಯವರೆಗೂ ಅದನ್ನು ಎರಡೂ ಕೈಯಲ್ಲಿ ಹಿಡಿದೇ ನಡೆದೆ.